ತೆಗೆದವನಿಗೆ ದಕ್ಕದ ಚಿತ್ರ

ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಯ ಕಡೆಗೆ ಹೊರಟರೆ ಕೊಟ್ಟಾರ ಚೌಕಿ ದಾಟಿದ ಮೇಲೆ ಸಿಗುವ ಊರು ಕೂಳೂರು. ಫಲ್ಗುಣಿ ನದಿಯ ಸೇತುವೆ, ಅದರಾಚೆ ಪಣಂಬೂರಿನ ಬಂದರು, ಹಗಲಿರುಳೆನ್ನದೆ ಓಡುವ ಲಾರಿಗಳು - ಹೊರಗಿನವರಿಗೆ ಈ ಊರಿನ ಪರಿಚಯ ಬಹುಕಾಲ ಇಷ್ಟೇ ಆಗಿತ್ತು. ಈಚಿನ ವರ್ಷಗಳಲ್ಲಿ ಬಂಗ್ರಕೂಳೂರಿನ ಗೋಲ್ಡ್ ಫಿಂಚ್ ಸಿಟಿ ಮೈದಾನ ಇದಕ್ಕೆ ಇನ್ನೊಂದು ಗುರುತನ್ನು ತಂದುಕೊಟ್ಟಿದೆ. 2017ರಲ್ಲಿ ಆರಂಭವಾದ ರಾಮ-ಲಕ್ಷ್ಮಣ ಜೋಡುಕರೆ ಕಂಬಳ ನಡೆಯುವುದು ಇಲ್ಲಿಯೇ. 2022ರ ಸೆಪ್ಟೆಂಬರ್ 2ರಂದು ಪ್ರಧಾನಿ ನರೇಂದ್ರ ಮೋದಿ ಅವರ ಬೃಹತ್ ಸಭೆ ನಡೆದದ್ದೂ ಇಲ್ಲಿಯೇ.

ಇಂಥ ಮೈದಾನದಲ್ಲಿ ವೇದಿಕೆಯ ಮೇಲೆ ಯಾರಿದ್ದರು ಎಂಬುದು ಮರುದಿನದ ಸುದ್ದಿ. ವೇದಿಕೆಯ ಕೆಳಗೆ, ಕೆಸರು ನೀರಿನ ಅಂಚಿನಲ್ಲಿ, ಕೊರಳಿಗೆ ಎರಡು ಕ್ಯಾಮರಾ ನೇತುಹಾಕಿಕೊಂಡು ರಾತ್ರಿಯಿಡೀ ನಿಂತವರು ಯಾರು ಎಂಬುದು ಸುದ್ದಿಯಲ್ಲ. ಅವರಲ್ಲಿ ಕೆಲವರಿಗಷ್ಟೇ ಪತ್ರಿಕೆಯ ಸಂಬಳವಿದೆ. ಉಳಿದವರು ಯಾವ ಸಂಸ್ಥೆಗೂ ಸೇರದೆ ಮದುವೆ, ಮಳಿಗೆಯ ಉದ್ಘಾಟನೆ, ತಾರೆಯರ ಕಾರ್ಯಕ್ರಮ, ಕಂಬಳ, ಕೋಲ ಎಂದು ಕರೆದಲ್ಲಿಗೆ ಹೋಗುವವರು. ಉಳಿದ ಚಿತ್ರಗಳನ್ನು ಅಂತರ್ಜಾಲದ ಚಿತ್ರಭಂಡಾರಗಳಿಗೆ, ಅಂದರೆ 'ಸ್ಟಾಕ್ ಫೋಟೊ' ಮಾರುವ ತಾಣಗಳಿಗೆ ಏರಿಸಿ ನಾಲ್ಕು ಕಾಸು ಬಂದೀತೆಂದು ಕಾಯುವವರು.

ಇಂಗ್ಲಿಷಿನ 'ಫ್ರೀಲಾನ್ಸ್' ಪದಕ್ಕೆ ಕನ್ನಡ ಪತ್ರಿಕೋದ್ಯಮ ಬಹುಕಾಲದಿಂದ 'ಹವ್ಯಾಸಿ' ಎಂಬ ಪದವನ್ನು ಬಳಸುತ್ತ ಬಂದಿದೆ. ಸಂಗತಿಯ ತಿರುಳು ಈ ಪದದಲ್ಲಿಯೇ ಅಡಗಿದೆ. ಹವ್ಯಾಸವೆಂದರೆ ಬಿಡುವಿನ ವೇಳೆಯ ಸಂತೋಷ; ಅದಕ್ಕೆ ಕೂಲಿ ಕೇಳುವುದು ಸಂಕೋಚದ ವಿಷಯ. ಆದರೆ ಇಲ್ಲಿ ಮಾತು ಹೊಟ್ಟೆಪಾಡಿನದು. ತಾನು ತೆಗೆದ ಚಿತ್ರ ತನ್ನದೇ ಅಲ್ಲವೇ ಎಂಬ ಪ್ರಶ್ನೆಗೆ ಈ ವೃತ್ತಿಯಲ್ಲಿರುವ ಬಹಳಷ್ಟು ಮಂದಿಗೆ ದೊರೆಯುವ ಉತ್ತರ ಅಚ್ಚರಿಯದು: ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲ.

ಪತ್ತನಾಜೆಯವರೆಗಿನ ಬದುಕು

ಕರಾವಳಿಯ ಛಾಯಾಗ್ರಾಹಕನ ಆದಾಯ ತುಳು ಪಂಚಾಂಗವನ್ನು ಹಿಡಿದು ನಡೆಯುತ್ತದೆ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಕಂಬಳಗಳ ದಿನಾಂಕ ನಿಗದಿಯಾಗುತ್ತದೆ. ನೇಮ, ಕೋಲ, ಜಾತ್ರೆ, ಮದುವೆಗಳು ಸಾಲುಗಟ್ಟುತ್ತವೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಗೆ ಕ್ಯಾಮರಾದ ಸುಗ್ಗಿಯೂ ಮುಗಿಯಿತು. ಆಟಿ ತಿಂಗಳಲ್ಲಿ ಶುಭಕಾರ್ಯವಿಲ್ಲ. ಮತ್ತೆ ಅಷ್ಟಮಿ, ಚೌತಿ, ಕುದ್ರೋಳಿಯ ದಸರಾ, ಪಿಲಿವೇಷ ಬರುವವರೆಗೆ ಕೈಯಲ್ಲಿ ಕಾಸಾಡುವುದು ಕಷ್ಟ.

ಮಳೆಗಾಲದ ಆ ತಿಂಗಳುಗಳಲ್ಲಿ ಖರ್ಚು ಮಾತ್ರ ನಿಲ್ಲುವುದಿಲ್ಲ. ಕಡಲ ತೀರದ ತೇವದ ಗಾಳಿಗೆ ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ. ಅದನ್ನು ತಡೆಯಲು ತೇವ ಹೀರುವ ಪೆಟ್ಟಿಗೆ ಬೇಕು. ಕ್ಯಾಮರಾದ ಸಾಲದ ಕಂತು, ಕಂಪ್ಯೂಟರ್, ಚಿತ್ರಗಳನ್ನು ಕಾಪಿಡುವ ಹಾರ್ಡ್ ಡಿಸ್ಕ್, ತಂತ್ರಾಂಶದ ಚಂದಾ, ಬೈಕಿನ ಪೆಟ್ರೋಲು - ಇವುಗಳಿಗೆ ಆಟಿಯೆಂಬ ಬಿಡುವಿಲ್ಲ. 36 ಚಿತ್ರಗಳ ರೀಲಿನ ಕಾಲದಲ್ಲಿ ಚಿತ್ರವೊಂದಕ್ಕೆ ತಗಲುವ ವೆಚ್ಚ ಗ್ರಾಹಕನ ಕಣ್ಣಿಗೂ ಕಾಣುತ್ತಿತ್ತು. ಡಿಜಿಟಲ್ ಬಂದ ಮೇಲೆ 'ಕ್ಲಿಕ್ಕಿಸುವುದಕ್ಕೆ ಏನು ಖರ್ಚು?' ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಖರ್ಚು ರೀಲಿನಿಂದ ಉಪಕರಣಕ್ಕೆ ಮತ್ತು ರಾತ್ರಿಯ ನಿದ್ದೆಗೆ ವರ್ಗವಾಗಿದೆಯೆಂಬುದು ಕೇಳುವವರಿಗೆ ತಿಳಿಯುವುದಿಲ್ಲ.

ನ್ಯಾಯಾಲಯದ ಒಂದು ಆದೇಶವೂ ಈ ಸುಗ್ಗಿಯನ್ನು ಅಳಿಸಬಲ್ಲದು. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿದಾಗ ಕೋಣದ ಯಜಮಾನರ ಮತ್ತು ಓಟಗಾರರ ನೋವು ಸುದ್ದಿಯಾಯಿತು. ಆ ಋತುವನ್ನು ನಂಬಿದ್ದ ಕ್ಯಾಮರಾಗಳ ಲೆಕ್ಕ ಯಾರೂ ಕೇಳಲಿಲ್ಲ. 2017ರಲ್ಲಿ ರಾಜ್ಯ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದ ಬಳಿಕವೇ ಈ ಆತಂಕ ಕೊನೆಗೊಂಡದ್ದು.

ಹಣ ಕೊಟ್ಟವನೇ ಒಡೆಯ

1957ರ ಕೃತಿಸ್ವಾಮ್ಯ ಕಾಯ್ದೆ ಛಾಯಾಚಿತ್ರವನ್ನು ಕಲಾಕೃತಿಯೆಂದೇ ಪರಿಗಣಿಸುತ್ತದೆ; ಚಿತ್ರ ತೆಗೆದವನೇ ಅದರ ಕರ್ತೃ ಎಂದೂ ಹೇಳುತ್ತದೆ. 2012ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದಕ್ಕೂ ಮೊದಲು ಛಾಯಾಚಿತ್ರದ ಹಕ್ಕು ಪ್ರಕಟಣೆಯಿಂದ 60 ವರ್ಷಗಳಿಗೆ ಮುಗಿಯುತ್ತಿತ್ತು. ಈಗ ಸಾಹಿತಿಯ ಕೃತಿಗೆ ಇರುವಂತೆ ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷಗಳವರೆಗೆ ಉಳಿಯುತ್ತದೆ. ಇಷ್ಟನ್ನು ಓದಿದವರಿಗೆ ಎಲ್ಲವೂ ಸರಿಯಾಗಿದೆಯೆಂದೇ ತೋರಬಹುದು.

ತೊಡಕಿರುವುದು 17ನೇ ಕಲಮಿನಲ್ಲಿ. ಯಾರಾದರೂ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಣ ಕೊಟ್ಟು ತೆಗೆಸಿದವನೇ ಮೊದಲ ಒಡೆಯನೆಂದು ಆ ಕಲಂ ಹೇಳುತ್ತದೆ. ಕರ್ತೃ ಬೇರೆ, ಒಡೆಯ ಬೇರೆ. ಚಿತ್ರನಟಿಯೊಬ್ಬರು ಮಂಗಳೂರಿನ ಮಳಿಗೆಯೊಂದನ್ನು ಉದ್ಘಾಟಿಸುತ್ತಾರೆ ಎಂದಿಟ್ಟುಕೊಳ್ಳೋಣ. ಕಾರ್ಯಕ್ರಮ ನಿರ್ವಹಿಸುವ ಸಂಸ್ಥೆ ಒಂದು ದಿನದ ಸಂಭಾವನೆ ಕೊಟ್ಟು ಸ್ವತಂತ್ರ ಛಾಯಾಗ್ರಾಹಕನನ್ನು ಕರೆಸುತ್ತದೆ. ಮಾತುಕತೆ ಫೋನಿನಲ್ಲೇ ಮುಗಿಯುತ್ತದೆ, ಕಾಗದವಿಲ್ಲ, ಸಹಿಯಿಲ್ಲ. ಅಂದು ಆತ ತೆಗೆದ ನೂರಾರು ಚಿತ್ರಗಳು ಕಾನೂನಿನ ಕಣ್ಣಿನಲ್ಲಿ ತೆಗೆಸಿದವರ ಸೊತ್ತು. ಅವುಗಳಲ್ಲೊಂದನ್ನು ಆತ ಚಿತ್ರಭಂಡಾರಕ್ಕೆ ಏರಿಸಿದರೆ ಕಾಯ್ದೆ ಮೀರಿದವನು ಆತನೇ ಆಗುತ್ತಾನೆ! ಒಂದು ದಿನದ ದುಡಿಮೆಗೆ ಒಪ್ಪಿದವನು ತನಗರಿವಿಲ್ಲದೆಯೇ ತನ್ನ ಜೀವಮಾನದ ಹಾಗೂ ನಂತರದ 60 ವರ್ಷಗಳ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾನೆ.

ಇದೇ ಕಲಮಿನ ಇನ್ನೊಂದು ಭಾಗವನ್ನು ಪಕ್ಕಕ್ಕಿಟ್ಟು ನೋಡಿದರೆ ವಿಪರ್ಯಾಸ ಮತ್ತಷ್ಟು ಸ್ಪಷ್ಟವಾಗುತ್ತದೆ. ಪತ್ರಿಕೆಯಲ್ಲಿ ಸಂಬಳಕ್ಕಿರುವ ಛಾಯಾಗ್ರಾಹಕನ ಚಿತ್ರದ ಮೇಲೆ ಮಾಲೀಕನಿಗೆ ಇರುವುದು ಪತ್ರಿಕೆ, ನಿಯತಕಾಲಿಕಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ. ಬೇರೆ ಒಪ್ಪಂದ ಇಲ್ಲದಿದ್ದರೆ ಪುಸ್ತಕ, ಪ್ರದರ್ಶನ ಮೊದಲಾದ ಉಳಿದ ಹಕ್ಕುಗಳು ಚಿತ್ರ ತೆಗೆದವನಲ್ಲೇ ಉಳಿಯುತ್ತವೆ. ತಿಂಗಳ ಸಂಬಳ, ಭವಿಷ್ಯನಿಧಿ ಇದ್ದವನಿಗೆ ಹಕ್ಕಿನಲ್ಲೂ ಪಾಲಿದೆ; ಎರಡೂ ಇಲ್ಲದ ಸ್ವತಂತ್ರ ಛಾಯಾಗ್ರಾಹಕನಿಗೆ ಅದೂ ಇಲ್ಲ.

ತೆಗೆಸಿದವನಿಗೇ ಹಕ್ಕು ಎಂಬ ಈ ನಿಯಮ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಬ್ರಿಟನ್ನಿನ 1911ರ ಕೃತಿಸ್ವಾಮ್ಯ ಕಾಯ್ದೆಯಿಂದ ಬಂದ ಬಳುವಳಿ ಇದು. ಶ್ರೀಮಂತನೊಬ್ಬ ಸ್ಟುಡಿಯೋದಲ್ಲಿ ಕುಟುಂಬದ ಭಾವಚಿತ್ರ ತೆಗೆಸಿಕೊಳ್ಳುತ್ತಿದ್ದ ಕಾಲಕ್ಕೆ, ತನ್ನ ಮನೆಯವರ ಮುಖ ಬೇರೆಯವರ ಕೈಸೇರಬಾರದೆಂಬ ಕಾಳಜಿಗೆ ಅದು ಹೊಂದಿಕೆಯಾಗುತ್ತಿತ್ತು. ಬ್ರಿಟನ್ ತಾನೇ 1988ರ ಕಾಯ್ದೆಯಲ್ಲಿ ಈ ನಿಯಮವನ್ನು ಕೈಬಿಟ್ಟಿತು. ಅಲ್ಲಿ ಈಗ ಹಕ್ಕು ಛಾಯಾಗ್ರಾಹಕನದು. ಖಾಸಗಿ, ಕೌಟುಂಬಿಕ ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸದಂತೆ ತಡೆಯುವ ಅಧಿಕಾರ ಮಾತ್ರ ತೆಗೆಸಿದವರದು. ಎರಡೂ ಕಡೆಯವರಿಗೆ ನ್ಯಾಯ ಒದಗಿಸುವ ಏರ್ಪಾಡು ಇದು. ನಾವು ಮಾತ್ರ ಹಳೆಯ ಬಳುವಳಿಯನ್ನೇ ಹೊತ್ತು ತಿರುಗುತ್ತಿದ್ದೇವೆ.

ಹತ್ತು ಸೆಂಟಿನ ಮಾರುಕಟ್ಟೆ

ಯಾರೂ ಹಣ ಕೊಡದೆ ಸ್ವಂತ ಖರ್ಚಿನಲ್ಲಿ ತೆಗೆದ ಚಿತ್ರಗಳಾದರೋ ಪೂರ್ತಿ ಆತನವೇ. ಪಣಂಬೂರು ಕಡಲ ತೀರದ ಸಂಜೆ, ಬಂದರಿನ ಕ್ರೇನುಗಳು, ಪಿಲಿವೇಷದ ಹೆಜ್ಜೆ, ಕನೆಹಲಗೆಯ ಓಟದಲ್ಲಿ ನಿಶಾನೆಯತ್ತ ಚಿಮ್ಮುವ ನೀರು - ಇಂಥವನ್ನು ಆತ ಚಿತ್ರಭಂಡಾರಗಳಿಗೆ ಕಳುಹಿಸಬಹುದು. ಮಳೆಗಾಲದ ಬಿಡುವಿನಲ್ಲಿ ಪ್ರತಿ ಚಿತ್ರಕ್ಕೂ ಇಂಗ್ಲಿಷಿನಲ್ಲಿ ವಿವರಣೆ ಬರೆದು, ಹುಡುಕುಪದಗಳನ್ನು ಜೋಡಿಸಿ, ಪರಿಶೀಲಕರ ಒಪ್ಪಿಗೆಗೆ ಕಾಯಬೇಕು. ಕಂಬಳವೆಂದರೇನೆಂದು ತಿಳಿಯದ ದೂರದೇಶದ ಗಿರಾಕಿ ಅದನ್ನು ಹುಡುಕುವುದು 'ಎಮ್ಮೆ ಓಟ' ಎಂಬ ಪದದಿಂದ. ಆದ್ದರಿಂದ ಕೋಣ ಎಮ್ಮೆಯಾಗುವುದೂ ಇಲ್ಲಿ ಅನಿವಾರ್ಯ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವುದೆಷ್ಟು? ಕೆನಡಾದ ಕ್ಯಾಲ್ಗರಿಯಲ್ಲಿ 2000ದಲ್ಲಿ ಆರಂಭವಾದ ಐಸ್ಟಾಕ್‌ಫೋಟೊ, 2003ರಲ್ಲಿ ಬಂದ ಶಟರ್‌ಸ್ಟಾಕ್ ಮೊದಲಾದ ತಾಣಗಳು ಯಾರು ಬೇಕಾದರೂ ಚಿತ್ರ ಮಾರಬಹುದಾದ ಮಾರುಕಟ್ಟೆಯನ್ನು ತೆರೆದವು. ಬೆಂಗಳೂರು, ಮುಂಬೈಯ ಏಜೆನ್ಸಿಗಳ ಬಾಗಿಲು ತಟ್ಟದೆಯೇ ಕೂಳೂರಿನವನೊಬ್ಬ ನ್ಯೂಯಾರ್ಕಿನ ಗಿರಾಕಿಯನ್ನು ತಲುಪಬಹುದಾಯಿತು. ಇದು ಸಣ್ಣ ಮಾತಲ್ಲ. ಆದರೆ ಚಿತ್ರಗಳು ಕೋಟಿಗಟ್ಟಲೆ ಬಂದು ಬಿದ್ದಂತೆ ಬೆಲೆ ಕುಸಿಯಿತು. 2020ರ ಜೂನ್ 1ರಿಂದ ಶಟರ್‌ಸ್ಟಾಕ್ ಜಾರಿಗೆ ತಂದ ವ್ಯವಸ್ಥೆಯಲ್ಲಿ ಚಿತ್ರಕಾರನ ಪಾಲು ಶೇ 15ರಿಂದ 40ರವರೆಗೆ. ಒಂದು ಇಳಿಕೆಗೆ ಕನಿಷ್ಠ ಪಾವತಿ ಅಮೆರಿಕದ 10 ಸೆಂಟು. ಹೆಚ್ಚು ಮಾರಾಟವಾದಂತೆ ಪಾಲು ಏರುತ್ತದೆ, ನಿಜ. ಆದರೆ ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೇ ಇಳಿಯಬೇಕು. ಈ ಬದಲಾವಣೆಯ ವಿರುದ್ಧ ಹಲವು ದೇಶಗಳ ಛಾಯಾಗ್ರಾಹಕರು ಪ್ರತಿಭಟಿಸಿದರು. ಅದರಿಂದ ಪ್ರಯೋಜನವಾಗಲಿಲ್ಲ.

ಕೊಳ್ಳುವವರ ಸಂಖ್ಯೆಯೂ ಕುಗ್ಗುತ್ತಿದೆ. ಐಸ್ಟಾಕ್‌ಫೋಟೊವನ್ನು ಗೆಟ್ಟಿ ಇಮೇಜಸ್ 2006ರಲ್ಲಿ 5 ಕೋಟಿ ಡಾಲರಿಗೆ ಕೊಂಡಿತು. ಅದೇ ಗೆಟ್ಟಿ ಮತ್ತು ಶಟರ್‌ಸ್ಟಾಕ್ ಒಂದಾಗುವುದಾಗಿ 2025ರ ಜನವರಿಯಲ್ಲಿ ಘೋಷಿಸಿದವು. ಅಂಗಡಿ ಒಂದೇ ಆದಾಗ ಮಾರುವವನಿಗೆ ಚೌಕಾಸಿಯ ಅವಕಾಶವೆಲ್ಲಿ?

ಇದರ ಮೇಲೆ ಕೃತಕ ಬುದ್ಧಿಮತ್ತೆಯ ಹೊಡೆತ. ಕೋಟ್ಯಂತರ ಛಾಯಾಚಿತ್ರಗಳನ್ನು ನೋಡಿ ಕಲಿತ ಯಂತ್ರ ಈಗ ಕೇಳಿದ ಚಿತ್ರವನ್ನು ಕ್ಷಣದಲ್ಲಿ ಹೊಸೆದುಕೊಡುತ್ತದೆ. ತನ್ನ ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸಿತೆಂದು ಗೆಟ್ಟಿ 2023ರಲ್ಲಿ ಸ್ಟೆಬಿಲಿಟಿ ಎಐ ಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ ಲಂಡನ್ನಿನ ಹೈಕೋರ್ಟ್ 2025ರ ನವೆಂಬರಿನಲ್ಲಿ ನೀಡಿದ ತೀರ್ಪು ಬಹುಮಟ್ಟಿಗೆ ಗೆಟ್ಟಿಗೆ ವಿರುದ್ಧವಾಗಿತ್ತು. ದೊಡ್ಡ ಸಂಸ್ಥೆಯ ಪಾಡೇ ಹೀಗಾದರೆ ಬಿಡಿ ಛಾಯಾಗ್ರಾಹಕನ ಗತಿಯೇನು? ಯಂತ್ರದ ಕಲಿಕೆಗೆ ಬಳಸುವ ಕೃತಿಗಳಿಗೆ ಕಡ್ಡಾಯ ಪರವಾನಗಿ ಮತ್ತು ಗೌರವಧನದ ವ್ಯವಸ್ಥೆ ಇರಬೇಕೆಂದು ಕೇಂದ್ರ ಸರ್ಕಾರದ ಸಮಿತಿಯೊಂದು 2025ರ ಡಿಸೆಂಬರಿನಲ್ಲಿ ಪ್ರಸ್ತಾವ ಮುಂದಿಟ್ಟಿದೆ. ಅಂಥ ಗೌರವಧನ ಹಂಚುವ ದಿನ ಬಂದರೂ, ಚಿತ್ರ ತನ್ನದೆಂದು ತೋರಿಸಲು ಕಾಗದವಿಲ್ಲದವನ ಕೈಗೆ ಅದು ತಲುಪಲಾರದು.

ಮುಖ ಯಾರದು?

ಹಾಗೆಂದು ಚಿತ್ರದ ಹಕ್ಕೆಲ್ಲ ಛಾಯಾಗ್ರಾಹಕನದೇ ಎಂದು ವಾದಿಸುವುದೂ ಸರಿಯಲ್ಲ. ಚಿತ್ರದ ಹಕ್ಕು ಬೇರೆ, ಚಿತ್ರದಲ್ಲಿರುವ ಮುಖದ ಹಕ್ಕು ಬೇರೆ. ಅಮಿತಾಭ್ ಮತ್ತು ಜಯಾ ಬಚ್ಚನ್ ಅವರಿದ್ದ ತನಿಷ್ಕ್ ಜಾಹೀರಾತಿನ ಚಿತ್ರವನ್ನು ಆಭರಣ ಮಳಿಗೆಯೊಂದು ತನ್ನ ಫಲಕಕ್ಕೆ ಬಳಸಿಕೊಂಡ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2012ರಲ್ಲಿ ತಾರೆಯರ ವ್ಯಕ್ತಿತ್ವದ ಹಕ್ಕನ್ನು ಮಾನ್ಯ ಮಾಡಿತು. ಮಂಗಳೂರಿನಲ್ಲಿ ಜನಿಸಿದ ಐಶ್ವರ್ಯಾ ರೈ ಬಚ್ಚನ್ ಅವರಿಗೂ ಅದೇ ನ್ಯಾಯಾಲಯ 2025ರ ಸೆಪ್ಟೆಂಬರಿನಲ್ಲಿ ಇಂಥ ರಕ್ಷಣೆ ನೀಡಿದೆ. ತಾರೆಯೊಬ್ಬರು ಕಂಬಳದ ಕರೆಯ ಬಳಿ ನಿಂತ ಚಿತ್ರವನ್ನು ಪತ್ರಿಕೆ ಸುದ್ದಿಗಾಗಿ ಬಳಸಬಹುದು. ಸೀರೆ ಅಂಗಡಿಯೊಂದು ಜಾಹೀರಾತಿಗೆ ಬಳಸುವಂತಿಲ್ಲ. ಆದ್ದರಿಂದಲೇ ಚಿತ್ರಭಂಡಾರಗಳು ಇಂಥ ಚಿತ್ರಗಳನ್ನು 'ಸಂಪಾದಕೀಯ ಬಳಕೆಗೆ ಮಾತ್ರ' ಎಂಬ ಷರತ್ತಿನೊಂದಿಗೆ ಮಾರುತ್ತವೆ. ಚಿತ್ರಕ್ಕೆ ಹೆಚ್ಚಿನ ಹಣ ಬರುವುದು ಜಾಹೀರಾತಿನಿಂದ. ತಾರೆಯರ ಚಿತ್ರಕ್ಕೆ ಆ ಬಾಗಿಲೇ ಮುಚ್ಚಿದೆ.

ತಾರೆಯರಿಗೆ ವಕೀಲರಿದ್ದಾರೆ. ಆದರೆ ಕೋಲದ ಪಾತ್ರಿಗೆ? ನೇಮದ ರಾತ್ರಿಯ ದೊಂದಿಯ ಬೆಳಕಿನಲ್ಲಿ ತೆಗೆದ ಮುಖ ಯಾವುದೋ ದೇಶದ ಪ್ರವಾಸಿ ಪುಸ್ತಿಕೆಗೆ ಮಾರಾಟವಾದರೆ ಅದರಲ್ಲಿ ಪಾತ್ರಿಗೆ ಬಿಡಿಗಾಸೂ ಸೇರುವುದಿಲ್ಲ; ಬಹಳಷ್ಟು ವೇಳೆ ಹೆಸರೂ ಇರುವುದಿಲ್ಲ. ಭಕ್ತಿಯ ಸಂಗತಿಯೊಂದು ಸರಕಾಗುವ ನೋವು ಬೇರೆ. ತನ್ನ ಹೆಸರು ಬರಲಿಲ್ಲವೆಂದು ಕೊರಗುವ ಛಾಯಾಗ್ರಾಹಕ, ತಾನು ಸೆರೆಹಿಡಿದವರ ಹೆಸರನ್ನು ಬರೆದಿದ್ದೇನೆಯೇ ಎಂದು ಒಮ್ಮೆ ಕೇಳಿಕೊಳ್ಳಬೇಕು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ ಶ್ರೀನಿವಾಸ ಗೌಡರ ಹೆಸರು ಜಗತ್ತಿಗೆಲ್ಲ ತಲುಪಿತು. ಅವರಿಗಿಂತ ಮೊದಲು ಅದೇ ಕೆಸರಿನಲ್ಲಿ ಓಡಿದ ಎಷ್ಟೋ ಮಂದಿ ಸುಂದರವಾದ ಚಿತ್ರಗಳಲ್ಲಿ ಹೆಸರಿಲ್ಲದೆ ಉಳಿದಿದ್ದಾರೆ.

ಕಾರ್ಮಿಕನೂ ಅಲ್ಲ, ಉದ್ಯಮಿಯೂ ಅಲ್ಲ

1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ವ್ಯಾಖ್ಯೆಯಲ್ಲಿ ಸುದ್ದಿ ಛಾಯಾಗ್ರಾಹಕನಿಗೂ ಸ್ಥಾನವಿತ್ತು. ಆದರೆ ಆತ ಪೂರ್ಣಾವಧಿಗೋ ಅರೆಕಾಲಿಕವಾಗಿಯೋ ಪತ್ರಿಕಾಸಂಸ್ಥೆಯ ನೌಕರನಾಗಿರಬೇಕಿತ್ತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿದಾಗಲೂ ಅದರ ಫಲ ನೌಕರರಿಗಷ್ಟೇ. ಆ ಹಳೆಯ ಕಾಯ್ದೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಲೀನವಾಗಿದೆ.

ಹೊಸ ಸಂಹಿತೆಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಾಮಾಜಿಕ ಭದ್ರತಾ ಸಂಹಿತೆಯು ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕಾರ್ಮಿಕರನ್ನು ಗುರುತಿಸಿದ್ದು, ಅದರ ಅನುಸೂಚಿಯಲ್ಲಿ ಟ್ಯಾಕ್ಸಿ, ಆಹಾರ ವಿತರಣೆಗಳ ಜೊತೆಗೆ 'ವಿಷಯ ಮತ್ತು ಮಾಧ್ಯಮ ಸೇವೆ'ಗಳೂ ಸೇರಿವೆ. ಕರ್ನಾಟಕವೂ 2025ರಲ್ಲಿ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ತನ್ನದೇ ಕಾಯ್ದೆ ಮಾಡಿದೆ. ಚಿತ್ರ ಮಾರುವ ತಾಣಗಳೂ ಈ ವ್ಯಾಪ್ತಿಗೆ ಬರುತ್ತವೆಯೇ ಎಂಬ ಪ್ರಶ್ನೆಯನ್ನು ಛಾಯಾಗ್ರಾಹಕರ ಸಂಘಟನೆಗಳು ಈಗಲೇ ಎತ್ತಬೇಕು. ಆ ತಾಣಗಳು ಛಾಯಾಗ್ರಾಹಕನನ್ನು ಕರೆಯುವುದು ಕಾರ್ಮಿಕನೆಂದಲ್ಲ, ಕೊಡುಗೆದಾರನೆಂದು. ಇನ್ನು ಫೋನಿನಲ್ಲಿ ಕರೆದು ಕೆಲಸ ಕೊಡುವ ಕಾರ್ಯಕ್ರಮ ನಿರ್ವಾಹಕರು ಯಾವ ಪ್ಲಾಟ್‌ಫಾರ್ಮೂ ಅಲ್ಲ. ಹೀಗಾಗಿ ಕೈಗೆ ಪೆಟ್ಟಾಗಿ ಒಂದು ಋತು ಕ್ಯಾಮರಾ ಹಿಡಿಯಲಾಗದಿದ್ದರೆ ಆತನ ಮನೆಯ ಪಾಡನ್ನು ವಿಚಾರಿಸುವ ಕಾನೂನು ಇನ್ನೂ ಸ್ಪಷ್ಟವಾಗಿಲ್ಲ.

ಒಂದು ಹಾಳೆ, ಒಂದು ಹೆಸರು

ಪರಿಹಾರವೆಲ್ಲ ದೆಹಲಿಯಿಂದಲೇ ಬರಬೇಕೆಂದಿಲ್ಲ. 17ನೇ ಕಲಂ 'ಬೇರೆ ಒಪ್ಪಂದ ಇಲ್ಲದಿದ್ದಲ್ಲಿ' ಎಂಬ ಬಾಗಿಲನ್ನು ತೆರೆದೇ ಇಟ್ಟಿದೆ. ಚಿತ್ರದ ಹಕ್ಕು ಛಾಯಾಗ್ರಾಹಕನಲ್ಲಿ ಉಳಿಯುತ್ತದೆ, ತೆಗೆಸಿದವರು ಇಂತಿಂಥ ಉದ್ದೇಶಕ್ಕೆ ಇಷ್ಟು ಕಾಲ ಬಳಸಬಹುದು ಎಂಬ ಒಂದು ಹಾಳೆಯ ಒಪ್ಪಂದ ಸಾಕು. ಆದರೆ ಒಬ್ಬನೇ ಹಾಳೆ ಹಿಡಿದುಕೊಂಡು ಹೋದರೆ ಕೆಲಸ ಪಕ್ಕದವನ ಪಾಲಾಗುತ್ತದೆಂಬ ಭಯ ಸಹಜ. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ವಲಯವಾರು ಶಾಖೆಗಳಿರುವ ಸೌತ್ ಕೆನರಾ ಫೋಟೊಗ್ರಾಫರ್ಸ್ ಅಸೋಸಿಯೇಷನ್‌ನಂಥ ಸಂಘಟನೆ ಕನ್ನಡದಲ್ಲಿ ಮಾದರಿ ಒಪ್ಪಂದವೊಂದನ್ನು ರೂಪಿಸಿ, ಎಲ್ಲ ಸದಸ್ಯರೂ ಅದನ್ನೇ ಬಳಸುವಂತೆ ಮಾಡಿದರೆ ಆ ಭಯ ತಗ್ಗುತ್ತದೆ. ಮದುವೆ ಮನೆಯ ಚಿತ್ರಗಳ ವಿಷಯದಲ್ಲಿ ಕುಟುಂಬದ ಒಪ್ಪಿಗೆಯಿಲ್ಲದೆ ಎಲ್ಲಿಯೂ ಪ್ರಕಟಿಸುವುದಿಲ್ಲ ಎಂಬ ಮಾತೂ ಅದೇ ಹಾಳೆಯಲ್ಲಿರಲಿ.

ಎರಡನೆಯದು ಹೆಸರು. ಹಕ್ಕನ್ನು ಪೂರ್ತಿ ಮಾರಿದ ಮೇಲೂ ತಾನೇ ಕರ್ತೃ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಂ ಉಳಿಸಿದೆ. ಚಿತ್ರದ ಜೊತೆಗಿರುವ ಕರ್ತೃವಿನ ಹೆಸರು ಮೊದಲಾದ ಹಕ್ಕಿನ ವಿವರಗಳನ್ನು ಬೇಕೆಂದೇ ಅಳಿಸುವುದು 2012ರಲ್ಲಿ ಸೇರಿದ 65ಬಿ ಕಲಮಿನಂತೆ ಅಪರಾಧ. ಎರಡು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಆದರೆ ನಡೆಯುತ್ತಿರುವುದೇನು? ಸಂಘಟಕರು ಅಂದೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕೇಳುತ್ತಾರೆ. ಹಾಗೆ ಕಳುಹಿಸಿದಾಗ ಚಿತ್ರದೊಳಗೆ ಅಡಕವಾಗಿದ್ದ ಹೆಸರಿನ ವಿವರ ಕಳಚಿಹೋಗುತ್ತದೆ. ಹತ್ತು ಗುಂಪು ಸುತ್ತಿ ಬಂದ ಚಿತ್ರ ಮರುದಿನ ಪತ್ರಿಕೆ, ಜಾಲತಾಣಗಳಲ್ಲಿ 'ಚಿತ್ರಕೃಪೆ: ಅಂತರ್ಜಾಲ' ಎಂಬ ಅಡಿಬರಹದೊಂದಿಗೆ ಕಾಣಿಸಿಕೊಳ್ಳುತ್ತದೆ. ಅಂತರ್ಜಾಲವು ಎಂದೂ ಕೆಸರಿನಲ್ಲಿ ನಿಂತು ಚಿತ್ರ ತೆಗೆದದ್ದಿಲ್ಲ. ಈ ತಪ್ಪಿನಿಂದ ಮಾಧ್ಯಮದವರಾದ ನಾವೂ ಮುಕ್ತರಲ್ಲ. ಚಿತ್ರದ ಕೆಳಗೆ ಹೆಸರು ಹಾಕಲು ಹಣ ಬೇಡ, ಕಾನೂನಿನ ತಿದ್ದುಪಡಿಯೂ ಬೇಡ. ಹುಡುಕಿ ಕೇಳುವ ಒಂದು ಫೋನ್ ಕರೆ ಸಾಕು.

ಮೂರನೆಯದು ಕಾಯ್ದೆಯ ತಿದ್ದುಪಡಿ. ಬ್ರಿಟನ್ 1988ರಲ್ಲಿ ಮಾಡಿದ್ದನ್ನು ನಾವು ಇನ್ನಾದರೂ ಮಾಡಬಾರದೇಕೆ? ಚಿತ್ರಸಾಹಿತಿಗಳು ಮತ್ತು ಸಂಗೀತ ನಿರ್ದೇಶಕರು ಒಗ್ಗಟ್ಟಿನಿಂದ ದನಿಯೆತ್ತಿದ್ದರಿಂದ 2012ರ ತಿದ್ದುಪಡಿಯಲ್ಲಿ ಅವರಿಗೆ ಗೌರವಧನದ ಪಾಲು ಖಚಿತವಾಯಿತು. ಛಾಯಾಗ್ರಾಹಕರ ದನಿ ಮಾತ್ರ ಸಂಸತ್ತಿನವರೆಗೆ ಮುಟ್ಟಲಿಲ್ಲ.

ಕಂಬಳದ ಕೊನೆಯ ಸುತ್ತುಗಳು ಮುಗಿಯುವ ವೇಳೆಗೆ ಸಾಮಾನ್ಯವಾಗಿ ಬೆಳಗಾಗಿರುತ್ತದೆ. ಗೆದ್ದ ಕೋಣಗಳ ಯಜಮಾನರ ಹೆಸರು, ಓಡಿಸಿದವರ ಹೆಸರು, ಬಹುಮಾನದ ವಿವರ ಧ್ವನಿವರ್ಧಕದಲ್ಲಿ ಕೇಳಿಬರುತ್ತವೆ. ಕೋಣಗಳಿಗೂ ಹೆಸರಿಡುವ, ಆ ಹೆಸರನ್ನು ಅಭಿಮಾನದಿಂದ ಕೂಗುವ ನಾಡು ಇದು. ಅದೇ ಕರೆಯ ಅಂಚಿನಲ್ಲಿ ರಾತ್ರಿ ಕಳೆದು, ಕ್ಯಾಮರಾದ ಮೇಲಿನ ಕೆಸರನ್ನು ಒರೆಸಿಕೊಂಡು ಕೂಳೂರಿನ ಹೆದ್ದಾರಿಗೆ ಬಂದು ನಿಲ್ಲುವವನ ಹೆಸರನ್ನು ಆತನ ಚಿತ್ರದ ಕೆಳಗೆ ಬರೆಯುವುದು ನಮಗೆ ಅಷ್ಟು ಕಷ್ಟವೇ?